ಏಕರೂಪಕ್ಕೆ ಮೂವರು ಬೇಕು

ಅಪರೂಪದ ಮೃದು ಅಂಗಾಂಶ ಕ್ಯಾನ್ಸರ್‌ಗಳ ಪೆಥಾಲಜಿ ವರದಿಗಳೆಲ್ಲ ಇನ್ನು ಮುಂದೆ ಒಂದೇ ರೀತಿ ಇರತಕ್ಕದ್ದೆಂದು ಆಸ್ಪತ್ರೆಯು ತೀರ್ಮಾನಿಸಿತು. ತೀರ್ಮಾನ ಸರಿಯಾದದ್ದೇ. ಅಲ್ಲಿಯತನಕ ಗಡ್ಡೆಯ ಅಳತೆಯನ್ನು ಒಬ್ಬ ವೈದ್ಯರು ‘ನಿಂಬೆಹಣ್ಣಿನಷ್ಟು’ ಎಂದೂ ಇನ್ನೊಬ್ಬರು ‘ಸುಮಾರಾಗಿದೆ’ ಎಂದೂ ಬರೆಯುತ್ತಿದ್ದರು. ಶಸ್ತ್ರಚಿಕಿತ್ಸಕರು ತಲೆ ಕೆರೆದುಕೊಳ್ಳುತ್ತಿದ್ದರು. ಹೀಗೆ ಏಕರೂಪತಾ ಸಮಿತಿ ಹುಟ್ಟಿತು.

ಅದರ ಮೊದಲ ಗಿರಾಕಿ ಒಬ್ಬ ದರ್ಜಿ. ತೊಡೆಯಲ್ಲಿ ಗಡ್ಡೆ. ಸೂಜಿ ಚುಚ್ಚಿ ತೆಗೆದ ಚೂರನ್ನು ಲ್ಯಾಬಿನ ಡಾಕ್ಟರಮ್ಮ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅದರ ಹೆಸರು ಹೇಳಲು ಅವರಿಗೆ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಬೇಗ ತೆಗೆದರೆ ಮನುಷ್ಯ ಉಳಿಯುತ್ತಾನೆ. ತಡವಾದರೆ ಕಾಲು ಹೋಗುತ್ತದೆ. ಇನ್ನೂ ತಡವಾದರೆ ಮನುಷ್ಯನೇ ಹೋಗುತ್ತಾನೆ. ಹಾಗೆಂದೇ ವರದಿ ಬರೆದು ಸಮಿತಿಗೆ ಕಳಿಸಿದರು.

ವರದಿ ವಾಪಸ್ಸು ಬಂತು. ಏಳನೆಯ ನಿಯಮದ ಪ್ರಕಾರ, ವರದಿಯೊಂದು ಏಕರೂಪವಾಗಿದೆ ಎನ್ನಬೇಕಾದರೆ ಅದನ್ನು ಅದೇ ಜಾತಿಯ ಇನ್ನೆರಡು ಗಡ್ಡೆಗಳ ವರದಿಗಳೊಂದಿಗೆ ಹೋಲಿಸತಕ್ಕದ್ದು. ಸದರಿ ಗಡ್ಡೆಗಳು ಇದೇ ಆಸ್ಪತ್ರೆಯವೂ ಇದೇ ವರ್ಷದವೂ ಆಗಿರತಕ್ಕದ್ದು. ಡಾಕ್ಟರಮ್ಮ ಸಮಿತಿಯ ಅಧ್ಯಕ್ಷರ ಕೋಣೆಗೆ ಹೋಗಿ, ಇಂಥದ್ದು ಹತ್ತು ವರ್ಷಕ್ಕೊಂದು ಸಿಕ್ಕರೆ ಹೆಚ್ಚು ಎಂದು ವಿವರಿಸಿದರು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು.

“ಒಂದೇ ಒಂದು ಇದ್ರೆ ಅದು ಯಾವುದರ ಥರ ಇದೆ ಅಂತ ಹೇಳೋದು, ಡಾಕ್ಟ್ರೇ? ನಿಯಮ ನಾನು ಮಾಡಿದ್ದಲ್ಲ. ಸಮಿತಿ ಮಾಡಿದ್ದು.”

ಸಮಿತಿಯನ್ನು ಬೈಯುವಂತಿರಲಿಲ್ಲ, ಡಾಕ್ಟರಮ್ಮನೂ ಅದರ ಸದಸ್ಯೆ. ಏಳನೆಯ ನಿಯಮಕ್ಕೆ ಅವರೂ ಕೈ ಎತ್ತಿದ್ದರು. ಕೈ ಎತ್ತುವಾಗ ಊಟದ ಹೊತ್ತಾಗಿತ್ತು.

ವರದಿಯಿಲ್ಲದೆ ಕತ್ತರಿ ಮುಟ್ಟುವುದಿಲ್ಲವೆಂದು ಶಸ್ತ್ರಚಿಕಿತ್ಸಕರು ಕೈ ತೊಳೆದುಕೊಂಡರು. ದರ್ಜಿಯ ಹೆಂಡತಿ ಅತ್ತಳು. ದರ್ಜಿ ಮಾತ್ರ, ಇನ್ನೆರಡು ಗಡ್ಡೆ ಬೇಕೆಂದು ಕೇಳಿ ಕೈಕಟ್ಟಿ ಕೂರುವ ಆಸಾಮಿಯಲ್ಲ. ಪ್ಯಾಂಟಿಗೆ ಅಳತೆ ತೆಗೆಯುವಾಗ ಗಿರಾಕಿಗಳ ತೊಡೆಗೆ ಟೇಪನ್ನು ತುಸು ನಿಧಾನವಾಗಿ ಸುತ್ತತೊಡಗಿದ. ಗಟ್ಟಿಯಾದದ್ದೇನಾದರೂ ಕೈಗೆ ಸಿಕ್ಕರೆ ಹೊಲಿಗೆ ಕೂಲಿ ಬಿಟ್ಟುಕೊಟ್ಟು ಆಸ್ಪತ್ರೆಗೆ ಅಟ್ಟುತ್ತಿದ್ದ. ಹೆಚ್ಚಿನವರದು ಜೇಬಿನ ಬೀಗದಕೈ. ಆದರೂ ಒಬ್ಬ ಬಸ್ ಡ್ರೈವರು ಸಿಕ್ಕ, ಗಡ್ಡೆ ಅದೇ. ಆಸ್ಪತ್ರೆಯು ದರ್ಜಿಯ ಸಹಕಾರಕ್ಕೆ ಮೆಚ್ಚುಗೆ ಸೂಚಿಸಿತು. ಆಮೇಲೆ ಒಬ್ಬ ಮೇಷ್ಟ್ರು ಸಿಕ್ಕರು. ಮೂರಾಯಿತು.

ಡಾಕ್ಟರಮ್ಮ ಮೂರೂ ವರದಿಗಳನ್ನು ಎತ್ತಿಕೊಂಡು ಓಡಿದರು. ಅವು ಪದಕ್ಕೆ ಪದ ಒಂದೇ ರೀತಿ ಇದ್ದವು. ಸಮಿತಿ ಚಪ್ಪಾಳೆ ತಟ್ಟಿತು. ತರುವಾಯ ಎರಡನೆಯ ನಿಯಮವನ್ನು ಓದಲಾಯಿತು: ಒಂದೇ ವರ್ಷದಲ್ಲಿ ಮೂರು ಬಾರಿ ಕಂಡುಬಂದ ಗಡ್ಡೆಯನ್ನು ಅಪರೂಪದ್ದೆಂದು ಪರಿಗಣಿಸತಕ್ಕದ್ದಲ್ಲ. ಕಡತವನ್ನು ಸಾಮಾನ್ಯ ಗಡ್ಡೆಗಳ ಸಮಿತಿಗೆ ವರ್ಗಾಯಿಸಲಾಯಿತು. ಆ ಸಮಿತಿ ಇನ್ನೂ ರಚನೆಯಾಗಿರಲಿಲ್ಲ.

ಡಾಕ್ಟರಮ್ಮನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ವಿಷಯ ತಿಳಿಸಲು ತಾವೇ ದರ್ಜಿಯ ಅಂಗಡಿಗೆ ಹೋದರು. ಡ್ರೈವರೂ ಮೇಷ್ಟ್ರೂ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಪಾಪ, ಸಮಿತಿಯವರಿಗೂ ಕೆಲಸ ಜಾಸ್ತಿ ಎಂದು ಡ್ರೈವರು ಹೇಳಿದ; ಮೇಷ್ಟ್ರು ತಲೆಯಾಡಿಸಿದರು. ಮೂವರ ಪ್ಯಾಂಟುಗಳೂ ಹೊಲಿಗೆ ಬಿಚ್ಚಿಸಿಕೊಂಡು ಮೇಜಿನ ಮೇಲೆ ಬಿದ್ದಿದ್ದವು.

“ಬೇಜಾರು ಮಾಡ್ಕೋಬೇಡಿ ಮೇಡಂ,” ಎಂದ ದರ್ಜಿ. “ಒಳಗಡೆ ಬಟ್ಟೆ ಬಿಟ್ಟು ಹೊಲೀತಾ ಇದೀನಿ. ಗಡ್ಡೆ ದೊಡ್ಡದಾದ ಹಾಗೆ ಹೊಲಿಗೆ ಬಿಚ್ಕೊಂಡು ಹೋದ್ರಾಯ್ತು. ಸಮಿತಿ ಆಗೋವರೆಗೂ ಬರುತ್ತೆ.”

ಮೂವರಿಗೂ ಒಂದೇ ಅಳತೆ ಬಿಡಬೇಕೆಂದು ಅವನು ಟೇಪು ಚಾಚಿದ. ಡಾಕ್ಟರಮ್ಮ ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡರು.