ಅಳಿಯನ ದೋಣಿಗೊಂದು ಹೊದಿಕೆ

ಕೆಲವರ ಕಣ್ಣಿಗೆ ಹೋದಲ್ಲೆಲ್ಲ ಹಾವು ಬೀಳುತ್ತದೆ, ಕೆಲವರ ಮನೆಗೆ ಊಟದ ಹೊತ್ತಿಗೇ ನೆಂಟರು ಬರುತ್ತಾರೆ. ನನ್ನ ಹಣೆಯಲ್ಲಿ ಬರೆದಿದ್ದು ಹೊದಿಕೆಯ ಪೀಡೆ. ಅಗ್ಗದ್ದೊಂದು ಹುಡುಕಿ ತಂದು, ದೋಣಿಗೆ ಹೊದಿಸಿ, ಕೈ ಒರೆಸಿಕೊಳ್ಳುವಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ನಾನು ಚನ್ನಪಟ್ಟಣದವನು. ಇಪ್ಪತ್ತು ವರ್ಷ ಗೊಂಬೆ ಲೇತಿನ ಮುಂದೆ ಕೂತು ಬುಗುರಿ, ಗಿಲಕಿ ಕಡೆದೆ. ಒಂದು ಕಡೆ ಕೂರುವುದು ನನ್ನ ಜಾಯಮಾನವೇ ಅಲ್ಲ. ಅದು ಗೊತ್ತಾಗಲು ಇಪ್ಪತ್ತು ವರ್ಷ ಹಿಡಿಯಿತು ಅಷ್ಟೆ. ಲೇತು ಬಿಟ್ಟು, ಮಾಗಡಿ ಕಡೆ ದೊಡ್ಡ ಕೆರೆಯ ಪಕ್ಕದಲ್ಲಿರುವ ಹೆಂಡತಿಯ ಊರಿಗೆ ಬಂದು, ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿಯೊಂದನ್ನು ಕೊಂಡೆ. ಸಾವನದುರ್ಗ ನೋಡಲು ಬಂದವರನ್ನು ಭಾನುವಾರ ಕೆರೆಯಲ್ಲಿ ಒಂದು ಸುತ್ತು ಹಾಕಿಸುವುದು ನನ್ನ ಕೆಲಸ. ಹೆಂಡತಿಯ ಊರಾದ್ದರಿಂದ ಇಲ್ಲಿ ನನಗೆ ಹೆಸರಿಲ್ಲ. ದೊಡ್ಡವರಿಗೆಲ್ಲ ಅಳಿಮಯ್ಯ, ಸರೀಕರಿಗೆಲ್ಲ ಭಾವ. ಊರಿಗೆಲ್ಲ ಅಳಿಯನಾದವನು ಯಾರಿಗೂ ಇಲ್ಲ ಅನ್ನುವಂತಿಲ್ಲ.

ದೋಣಿಯ ನಡುವೆ ಆರು ಜನ ಕೂರುವಷ್ಟು ಒಂದು ಗುಂಡಿಯಿದೆ. ಸ್ಪಂಜಿನ ಸೀಟು, ಸ್ಟೇರಿಂಗು, ವೈರು ಎಲ್ಲ ಅದರಲ್ಲೇ. ಮಳೆ ಬಂದರೆ ನೀರೂ ಅದರಲ್ಲೇ. ಹೋದ ಮಳೆಗಾಲದಲ್ಲಿ ಪರ್ಮಿಟ್ ಕೊಡುವ ಸಾಹೇಬರು ಪರೀಕ್ಷೆಗೆ ಬಂದು ಆ ಸೀಟಿನ ಮೇಲೆ ಕೂತರು. ಕೂತ ವೇಗದಲ್ಲೇ ಎದ್ದರು. ಸ್ಪಂಜು ತಾನು ವಾರವೆಲ್ಲ ಕುಡಿದಿದ್ದನ್ನು ಅವರ ಪ್ಯಾಂಟಿಗೆ ದಾನ ಮಾಡಿತ್ತು.

"ಡಿಸೆಂಬರ್ ಮುಗಿಯೋದ್ರೊಳಗೆ ಇನ್ನೊಂದ್ ಸಲ ಬತ್ತೀನಿ" ಎಂದರು. "ಗುಂಡಿಲಿ ಒಂದು ತೊಟ್ಟು ನೀರು ಕಂಡ್ರೂ ಪರ್ಮಿಟ್ ಇಲ್ಲ."

"ಯಾವತ್ತು ಬತ್ತೀರಾ ಸಾರ್?"

"ಹೇಳಿ ಕಳಿಸಿ ಬರೋರು ಬೀಗರು ಕಣ್ರೀ. ನಾನಲ್ಲ."

ಪರ್ಮಿಟ್ ಹೋದರೆ ಮತ್ತೆ ಲೇತಿನ ಮುಂದೆ ಕೂರಬೇಕು. ನಿಜ ಹೇಳುತ್ತೇನೆ, ಆ ಮಣೆಯನ್ನು ನೆನೆಸಿಕೊಂಡರೆ ಈಗಲೂ ಕಾಲು ಜೋಮು ಹಿಡಿಯುತ್ತದೆ. ಅಂದಿನಿಂದ ಸಾವನದುರ್ಗದ ನೆತ್ತಿ ಒಂದಿಷ್ಟು ಕಪ್ಪಾದರೆ ಸಾಕು, ತಟ್ಟೆಯಲ್ಲಿ ಮುದ್ದೆ ಬಿಟ್ಟು ಎದ್ದು ಕೆರೆಗೆ ಓಡತೊಡಗಿದೆ. "ಮೋಡ ನೋಡಿ ಹಿಂಗೆ ಕುಣಿಯೋರು ನವಿಲು ಬುಟ್ರೆ ನೀವೇ" ಎಂದು ಹೆಂಡತಿ ಅನ್ನುತ್ತಿದ್ದಳು.

೧. ಬಿಟ್ಟಿ ಹೊದಿಕೆ

ನಮ್ಮ ಕಡೆ ಹುಟ್ಟುಹಬ್ಬಕ್ಕೂ ಫ್ಲೆಕ್ಸು, ಸಾವಿಗೂ ಫ್ಲೆಕ್ಸು. ಕೆಲಸ ಮುಗಿದ ಮೇಲೆ ಅವೆಲ್ಲ ಕೊಟ್ಟಿಗೆಯ ಮಾಡೋ, ಸೌದೆಯ ಮುಸುಕೋ ಆಗುತ್ತವೆ. ಊರ ಹಿರಿಯರೊಬ್ಬರ ತಿಥಿ ಮುಗಿದ ಮಾರನೇ ದಿನ ಅವರ ಮಗ ಕರೆದು, "ಭಾವ, ಅಪ್ಪಂದು ಒಂದು ಫ್ಲೆಕ್ಸ್ ಐತೆ, ದೋಣಿಗೆ ಸರಿಯಾಯ್ತದೆ, ಎತ್ಕೊಂಡೋಗಿ" ಎಂದ. ಬಿಟ್ಟಿ ಸಿಕ್ಕಿದ್ದಕ್ಕಿಂತ ಅಗ್ಗದ್ದು ಯಾವುದಿದೆ? ತಂದು, ಚಿತ್ರ ಒಳಮುಖವಾಗಿರುವಂತೆ ಹೊದಿಸಿದೆ.

ಭಾನುವಾರ ಕನಕಪುರದಿಂದ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೊಬ್ಬರು ಅಜ್ಜಿ. ದುಡ್ಡು ಮಾತಾಡಿ ಮುಗಿಸಿ, ನಾನು ಉತ್ಸಾಹದಿಂದ ಫ್ಲೆಕ್ಸಿನ ತುದಿ ಹಿಡಿದು ಹಿಂದಕ್ಕೆ ಮಗುಚಿದೆ. ಹಿರಿಯರು ಹಾರ ಹಾಕಿಕೊಂಡು, ಆಳೆತ್ತರದ ಮುಖದಲ್ಲಿ, ಎಲ್ಲರನ್ನೂ ನೋಡಿ ನಕ್ಕರು. ಕೆಳಗೆ 'ಮತ್ತೆ ಹುಟ್ಟಿ ಬನ್ನಿ' ಎಂದಿತ್ತು.

ಅಜ್ಜಿ ಮೊಮ್ಮಗುವಿನ ಕೈ ಹಿಡಿದುಕೊಂಡರು. "ಇವ್ರು ಇದೇ ದೋಣೀಲಿ ಹೋದೋರಾ?"

"ಅಯ್ಯೋ ಇಲ್ಲ ಕಣವ್ವ. ಶುಗರ್ರಲ್ಲಿ ಹೋದೋರು. ಎಪ್ಪತ್ತೆಂಟು ವರ್ಸ. ಈ ಕೆರೆ ನೀರಿಗೆ ಒಂದಿನ ಕಾಲಿಟ್ಟೋರಲ್ಲ."

"ಅದ್ಕೇ ಮತ್ತೆ ಎಪ್ಪತ್ತೆಂಟರಗಂಟ ಬಾಳವ್ರೆ" ಎಂದು ಅಜ್ಜಿ ಇಡೀ ಸಂಸಾರವನ್ನು ದಡದ ಮೇಲಕ್ಕೆ ಹೊರಡಿಸಿಕೊಂಡು ಹೋದರು.

೨. ಕೆರೆಯ ದಂಡೆಗೊಂದು ಕೆರೆ

ಫ್ಲೆಕ್ಸು ತೆಗೆದು, ಮಾಗಡಿ ಸಂತೆಯಿಂದ ನೀಲಿ ಪ್ಲಾಸ್ಟಿಕ್ ಟಾರ್ಪಾಲು ತಂದೆ. ಅಂಗಡಿಯವನು "ಒಂದು ತೊಟ್ಟು ಸೋರಿದ್ರೆ ನನ್ನ ಕೇಳಿ" ಎಂದಿದ್ದ. ದೋಣಿಯನ್ನು ದಡಕ್ಕೆಳೆದು, ಟಾರ್ಪಾಲು ಹೊದಿಸಿ, ಸುತ್ತ ಹಗ್ಗ ಬಿಗಿದೆ. ಎರಡು ದಿನ ಮಳೆ ಹುಯ್ಯಿತು. ನಾನು ಮನೆಯಲ್ಲಿ ಕೂತೆ, ನಿಂತೆ, ಬಾಗಿಲಿಗೆ ಹೋದೆ, ಬಂದೆ. ಮೂರನೇ ದಿನ ಹೊಳವಾದ ಕೂಡಲೇ ಓಡಿದೆ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಟಾರ್ಪಾಲು ಸೋರಿರಲಿಲ್ಲ. ಬಿದ್ದ ಮಳೆಯನ್ನೆಲ್ಲ ಹಾಗೇ ಹಿಡಿದಿಟ್ಟುಕೊಂಡು, ಗುಂಡಿಯೊಳಕ್ಕೆ ಜೋತು, ತುಂಬಿದ ಬಾನಿಯಂತೆ ಕೂತಿತ್ತು. ಅದರ ಸುತ್ತ ಹತ್ತಿಪ್ಪತ್ತು ಕುರಿಗಳು. ಮುಂಗಾಲನ್ನು ದೋಣಿಯ ಅಂಚಿಗೆ ಕೊಟ್ಟು ಒಂದೊಂದಾಗಿ ನೀರು ಕುಡಿಯುತ್ತಿದ್ದವು. ಕುರಿ ಕಾಯುವ ಯಜಮಾನರು ಕಂಬಳಿ ಹೊದ್ದು ಪಕ್ಕದಲ್ಲಿ ನಿಂತಿದ್ದರು.

"ಯಜಮಾನ್ರೇ, ಎದುರಿಗೆ ಅಷ್ಟು ದೊಡ್ಡ ಕೆರೆ ಐತೆ, ನನ್ನ ದೋಣಿನೇ ಬೇಕಿತ್ತಾ?" ಎಂದು ನಾನು ಕೂಗಾಡಿದೆ.

"ಕೆರೇಲಿ ಕೆಸರು ಕಣ್ ಅಳಿಮಯ್ಯ, ಕಾಲು ಹೂತ್ಕತವೆ" ಎಂದರು ಅವರು ಸಾವಧಾನವಾಗಿ. "ನೀವು ಈ ತೊಟ್ಟಿ ಮಾಡ್ಸಿದ್ದು ಪುಣ್ಯದ ಕೆಲಸ. ಹಾಲಿನಂತ ನೀರು. ಒಸಿ ತಗ್ಗಿಗೆ ಕಟ್ಟುಸ್ಬೇಕಾಗಿತ್ತು, ಮರಿಗಳಿಗೆ ಎಟುಕಲ್ಲ."

೩. ಹಿಂದಿನ ಕಿಟಕಿ

ಅಳತೆಗೆ ಹೊಲಿಸದೆ ಗತಿಯಿಲ್ಲ ಅನ್ನುವುದು ಆಗ ಖಾತ್ರಿಯಾಯಿತು. ರಾಮನಗರದಲ್ಲಿ, ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಮೂವತ್ತು ವರ್ಷದಿಂದ ಆಟೋಗಳಿಗೆ ಹುಡ್ ಹೊಲಿಯುವ ಸಾಬರೊಬ್ಬರಿದ್ದಾರೆ. ಬೆಲೆ ಕೇಳಿ ನನ್ನ ಮುಖ ಸಣ್ಣಗಾದದ್ದನ್ನು ನೋಡಿ ಅವರೇ ದಾರಿ ಹೇಳಿದರು. "ಹೊಸ ಕ್ಯಾನ್ವಾಸ್ ಯಾಕೆ ಅಣ್ಣಾ, ಭಾರನೂ ಜಾಸ್ತಿ. ರೆಕ್ಸಿನ್ ಬಿಸಿಲಿಗೆ ಸೀಳೋಗ್ತದೆ. ಲಾರಿದು ಹಳೇ ಟಾರ್ಪಾಲ್ ಐತೆ, ಗಟ್ಟಿ ಮಾಲು. ಅದ್ರಲ್ಲಿ ಕತ್ತರಿಸಿ, ಅಂಚಿಗೆ ಎಲಾಸ್ಟಿಕ್ ಹಾಕ್ತೀನಿ. ನಡುವೆ ಬಿದಿರು ದಬ್ಬೆ ಬಗ್ಗಿಸಿ ಎತ್ತರ ಮಾಡಿದ್ರೆ ನೀರು ನಿಲ್ಲಂಗೇ ಇಲ್ಲ."

ಮಾತು ಹಿತವಾಗಿತ್ತು. ಅವರು ಹೇಳಿದ್ದು ನಾಲ್ಕು ದಿನ. ನಾನು ಆ ನಾಲ್ಕು ದಿನವೂ ಬಸ್ಸು ಹತ್ತಿ ಹೋಗಿ ಅಂಗಡಿಯ ಮುಂದೆ ಅಡ್ಡಾಡಿದೆ. ಮೂರನೇ ದಿನ ಸಾಬರು ಮೆಷಿನ್ ನಿಲ್ಲಿಸಿ, "ಅಣ್ಣಾ, ನೀವು ಒಂದು ಕಡೆ ಕುಂತ್ರೆ ನಾನೂ ಕುಂತು ಹೊಲೀತೀನಿ. ನಿಮ್ಮನ್ನ ನೋಡ್ತಾ ನೋಡ್ತಾ ಹೊಲಿಗೆ ಸೊಟ್ಟ ಹೋಗ್ತಾ ಐತೆ" ಎಂದರು.

ಕೊನೆಗೂ ಕವರ್ ಕೈಗೆ ಬಂತು. ಬಿಡಿಸಿ ನೋಡಿದರೆ ಹಿಂಭಾಗದಲ್ಲಿ ಆಟೋಗೆ ಇರುತ್ತದಲ್ಲ, ಅಂಥದೇ ಪ್ಲಾಸ್ಟಿಕ್ ಕಿಟಕಿ. ಸುತ್ತ ಕೆಂಪು ಪಟ್ಟಿ ಬೇರೆ.

"ಇದ್ಯಾಕೆ ಸಾಬ್ರೇ? ಕವರ್ ಹಾಕಿದ್ ಮೇಲೆ ಒಳಗೆ ಯಾರು ಕುಂತಿರ್ತಾರೆ?"

ಮೂವತ್ತು ವರ್ಷದ ಕೈ ತನ್ನಷ್ಟಕ್ಕೆ ತಾನೇ ಕಿಟಕಿ ಇಟ್ಟುಬಿಟ್ಟಿದೆ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ಸಾಬರು ಸೋಲುವವರಲ್ಲ. "ಒಳಗಿಂದ ನೋಡಕ್ಕಲ್ಲ ಅಣ್ಣಾ. ಹೊರಗಿಂದ ನೀವು ನೋಡಕ್ಕೆ. ನೀರು ಬಂತಾ ಬಂತಾ ಅಂತ ದಿನಕ್ಕೆ ಹತ್ತು ಸಲ ಬಿಚ್ಚೋರು ನೀವು. ಎಲಾಸ್ಟಿಕ್ ತಡೀಬೇಕಲ್ಲ."

ಅವರು ಹೇಳಿದಂತೆಯೇ ಆಯಿತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ಕಿಟಕಿಗೆ ಕಣ್ಣಿಟ್ಟು ನೋಡಿ ಬರುತ್ತಿದ್ದೆ. ಒಂದು ದಿನ ಹೆಂಡತಿ ಬಟ್ಟೆ ಒಗೆಯುತ್ತಾ ದಡದಲ್ಲಿದ್ದಳು. "ಹೆಣ್ಣು ನೋಡಕ್ ಬಂದಾಗ ನನ್ನೂ ಹಿಂಗೆ ಬಗ್ಗಿ ಬಗ್ಗಿ ನೋಡಿರ್ಲಿಲ್ಲ ನೀವು" ಎಂದಳು.

೪. ಅತ್ತೆಯ ರಾಶಿ

ಡಿಸೆಂಬರ್ ಬಂತು. ಗುಂಡಿ ಒಣಗಿತ್ತು. ಸಾಹೇಬರು ಬರುವುದೊಂದೇ ಬಾಕಿ. ಅಷ್ಟರಲ್ಲಿ ಮದ್ರಾಸ್ ಕಡೆ ಸೈಕ್ಲೋನ್ ಎದ್ದಿತೆಂದು ಟಿವಿಯಲ್ಲಿ ಬಂತು. ಊರಲ್ಲಿ ರಾಗಿ ಒಕ್ಕಣೆಯ ಕಾಲ. ಎಲ್ಲರ ರಾಶಿಯೂ ಕಣದಲ್ಲಿ. ಮಧ್ಯಾಹ್ನದೊಳಗೆ ಊರಿನ ಟಾರ್ಪಾಲು, ಫ್ಲೆಕ್ಸು, ಗೋಣಿತಾಟು ಎಲ್ಲವೂ, ನನ್ನ ನೀಲಿ ಟಾರ್ಪಾಲೂ ಸೇರಿ, ಒಂದೊಂದು ರಾಶಿ ಏರಿ ಕೂತವು. ಮೂಲೆಮನೆ ಅತ್ತೆಯ ರಾಶಿ ಮಾತ್ರ ಬತ್ತಲೆಯಾಗಿ ಉಳಿಯಿತು. ಅವರು ಎಪ್ಪತ್ತು ದಾಟಿದ ಒಂಟಿ ಹೆಂಗಸು. ಹೆಂಡತಿಗೆ ದೂರದ ಸಂಬಂಧ. ನೇರ ನನ್ನ ಹತ್ತಿರ ಬಂದರು.

"ಅಳಿಮಯ್ಯ, ದೋಣಿ ಕವರ್ ಕೊಡಿ. ಮಳೆ ನಿಂತೇಟ್ಗೆ ತಂದು ಕೊಡ್ತೀನಿ."

ಕೊಟ್ಟರೆ ಗುಂಡಿ ತುಂಬುತ್ತದೆ, ಪರ್ಮಿಟ್ ಮುಳುಗುತ್ತದೆ. ಕೊಡುವುದಿಲ್ಲ ಅನ್ನಲು ಅಳಿಯನಿಗೆ ಬಾಯಿಲ್ಲ. ಮೇಲೆ ಗುಡುಗು ಶುರುವಾಗಿತ್ತು. ಆಗ ಒಂದು ಉಪಾಯ ಹೊಳೆಯಿತು.

"ಕೊಡ್ಬಹುದಾಗಿತ್ತು ಅತ್ತೆ. ಆದ್ರೆ ಇದನ್ನ ದೋಣಿ ಅಳತೆಗೇ ಹೊಲ್ಸಿರೋದು, ಅಂಚಿಗೆಲ್ಲ ಎಲಾಸ್ಟಿಕ್ಕು. ರಾಶಿ ಮೇಲೆ ನಿಲ್ಲಲ್ಲ. ಕೆಳಗೆ ದೋಣಿ ಇದ್ರೇನೇ ಇದು ನಿಲ್ಲೋದು."

ಅತ್ತೆ ಒಂದು ಗಳಿಗೆ ಯೋಚನೆ ಮಾಡಿದರು. "ಹಂಗಾರೆ ದೋಣಿನೂ ಕೊಡಿ" ಎಂದರು.

ಅವರು ಮಡಿಲಿನಿಂದ ಒಂದು ಹಿಡಿ ರಾಗಿ ತೆಗೆದು ನನ್ನ ಕೈಗೆ ಹಾಕಿ, "ವರ್ಸದ ಮುದ್ದೆ ಕಣಪ್ಪ" ಎಂದರು. ಗುಂಡುಗುಂಡಾದ ಕೆಂಪು ಕಾಳು. ಪರ್ಮಿಟ್ ಇಲ್ಲದಿದ್ದರೂ ಬುಗುರಿ ಕಡೆದು ತಿನ್ನಬಹುದು, ರಾಗಿ ಮೊಳೆತರೆ ಇವರು ಏನು ತಿನ್ನುತ್ತಾರೆ ಅನ್ನಿಸಿತು. ಮೋಟಾರ್ ಬಿಚ್ಚಿ ಮನೆಯೊಳಗಿಟ್ಟೆ. ಹತ್ತು ಜನ ಭಾವಮೈದುನರು ಸೇರಿ ದೋಣಿಯನ್ನು ಟ್ರ್ಯಾಕ್ಟರಿಗೆ ಹೇರಿ, ಕಣಕ್ಕೆ ತಂದು, ರಾಶಿಯ ಮೇಲೆ ಮಗುಚಿ ಹಾಕಿದರು. ದೋಣಿ ನೆನೆಯಬಾರದೆಂದು ಅದರ ಬೆನ್ನ ಮೇಲೆ ಕವರ್ರನ್ನೂ ಎಳೆದು ಕೂರಿಸಿದರು. ಕಿಟಕಿ ಆಕಾಶ ನೋಡುತ್ತಿತ್ತು.

ಎರಡು ದಿನ ಬಿಡದೆ ಸುರಿಯಿತು. ಮೂರನೇ ಬೆಳಗ್ಗೆ, ತುಂತುರು ಇನ್ನೂ ನಿಂತಿರಲಿಲ್ಲ, ಸಾಹೇಬರ ಜೀಪು ಬಂತು. ಮಳೆಯಲ್ಲೇ ಬಂದರೆ ಬಣ್ಣ ಬಯಲಾಗುತ್ತದೆ ಅಂತ ಅವರ ಲೆಕ್ಕ.

"ದೋಣಿ ಎಲ್ರೀ?"

"ಕಣದಲ್ಲಿದೆ ಸಾರ್."

ಇನ್ನೊಂದು ಸಲ ಕೇಳಿದರು. ನಾನೂ ಇನ್ನೊಂದು ಸಲ ಅದನ್ನೇ ಹೇಳಿದೆ. ನನ್ನ ಹಿಂದೆ ಬಂದರು. ಕಣದಲ್ಲಿ ದೋಣಿ ಬೋರಲಾಗಿ ಮಲಗಿತ್ತು, ಅತ್ತೆ ಕೊಡೆ ಹಿಡಿದು ಕಾವಲು ಕೂತಿದ್ದರು. ಅಷ್ಟು ಹೊತ್ತಿಗೆ ಅರ್ಧ ಊರು ನೆರೆದಿತ್ತು. ಸಾಹೇಬರು ಒಂದು ಕಡೆ ದೋಣಿಯನ್ನು ಮೊಳದಷ್ಟು ಎತ್ತಿಸಿ ಕಲ್ಲು ಕೊಡಿಸಿದರು. ಮೊಣಕಾಲೂರಿ, ಮೊಬೈಲ್ ಟಾರ್ಚ್ ಹಿಡಿದು ತಲೆ ಒಳಗೆ ತೂರಿಸಿದರು. ಸೀಟು ಒತ್ತಿದರು, ವೈರು ಮುಟ್ಟಿದರು, ಅಂಗೈಯಲ್ಲಿ ಗುಂಡಿಯನ್ನೆಲ್ಲ ಸವರಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. ತಲೆಕೂದಲಿನ ತುಂಬ ರಾಗಿ ಹೊಟ್ಟು.

"ಒಂದು ತೊಟ್ಟಿಲ್ಲ" ಎಂದರು. "ಇಷ್ಟು ಒಣಗಿರೋ ದೋಣಿ ನನ್ನ ಸರ್ವೀಸಲ್ಲೇ ನೋಡಿಲ್ಲ."

ಅಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ನನಗೆ ಕಣ್ಣಲ್ಲಿ ನೀರು ಬಂತು, ಅಳಿಯನ ಮರ್ಯಾದೆಗೆ ಅದನ್ನು ಮಳೆಯ ಲೆಕ್ಕಕ್ಕೆ ಹಾಕಿ ಒರೆಸಿಕೊಂಡೆ. ಸಾಹೇಬರು ಮಾತ್ರ ಜೀಪು ಹತ್ತಲಿಲ್ಲ. ದೋಣಿಯ ಸುತ್ತ ಒಂದು ಸುತ್ತು ಬಂದು, ಎಲಾಸ್ಟಿಕ್ ಎಳೆದು ನೋಡಿ, ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ನಮ್ದೂ ಉಯ್ಯಂಬಳ್ಳಿ ಕಡೆ ಎರಡೆಕ್ರೆ ರಾಗಿ ಕಣ್ರೀ, ಕಣದಲ್ಲೇ ಬಿದ್ದೈತೆ. ಇದು ಯಾವತ್ತು ಬಿಡುವಾಯ್ತದೆ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೊಡೆ ಮಡಚಿದರು.

"ಸಾಲಲ್ಲಿ ನಿಂತ್ಕಳಿ ಸಾಮಿ. ನಿಮ್ ಮುಂದೆ ಇನ್ನೂ ಮೂರು ರಾಶಿ ಅವೆ."