ಬಂಗಾರ ಹುಡುಕುವ ಯಂತ್ರವನ್ನು ನಾನು ಪರೀಕ್ಷಿಸಿದ್ದು

ಕೆಲವರಿಗೆ ಎಲೆ ಅಡಿಕೆ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಪರೀಕ್ಷೆ ಮಾಡುವ ಚಟ. ಕೊಳ್ಳುವ ಸಾಮಾನನ್ನು ಬಡಿದು, ಮೂಸಿ, ಅಲುಗಾಡಿಸಿ ನೋಡದಿದ್ದರೆ ನನಗೆ ಊಟ ಸೇರುವುದಿಲ್ಲ. ಸಿರುಗುಪ್ಪದ ಸಂತೆಯಲ್ಲಿ ಗಡಿಗೆ ಮಾರುವವಳು ನನ್ನನ್ನು ಕಂಡರೆ ಒಳ್ಳೆಯ ಗಡಿಗೆಗಳನ್ನು ಸೆರಗಿನ ಹಿಂದಕ್ಕೆ ಸರಿಸುತ್ತಾಳೆ, ನಾನು ಬಡಿದೇ ಎರಡನ್ನು ಒಡೆದಿದ್ದೇನೆಂದು. ತಮ್ಮ ಬಸಣ್ಣನಿಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಮಂಡಕ್ಕಿ ತಿನ್ನುತ್ತಿದ್ದರೆ, ನಾನು ಹುಡುಗಿಯ ಕೈಗೆ ಸೂಜಿ ದಾರ ಕೊಟ್ಟು ಪೋಣಿಸು ಎಂದಿದ್ದೆ. ಗಂಗಮ್ಮ ಪಾಪ, ಒಂದೇ ಸಲಕ್ಕೆ ಪೋಣಿಸಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಸಾಲಿಯಲ್ಲಿ ಪರೀಕ್ಷೆ ಕೊಡಲು ಆಗದವಳು ಊರಿಗೆಲ್ಲ ಪರೀಕ್ಷೆ ಇಡುತ್ತಾಳೆ ಎಂದು ನಮ್ಮ ಮನೆಯವರು ಇವತ್ತಿಗೂ ಅನ್ನುತ್ತಾರೆ.

ಇದಕ್ಕಿಂತ ಕೆಟ್ಟ ಗುಣ ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಆಸೆ. ಗಂಗಮ್ಮನ ಕಿವಿಯ ಮೇಲ್ಭಾಗದಲ್ಲಿ ತವರಿನವರು ಹಾಕಿದ ಬಂಗಾರದ ಬುಗುಡಿ ನೋಡಿದ ದಿನದಿಂದ ನನ್ನ ಕಣ್ಣು ಅಲ್ಲೇ ಅಂಟಿಕೊಂಡಿತ್ತು. ಅವಳು ಬುಗುಡಿಗಳನ್ನು ಬಿಚ್ಚಿಟ್ಟು ತವರಿಗೆ ಹೋದದ್ದೇ ತಡ, ಬಸಣ್ಣನಿಗೆ ಹೇಳಿದೆ: "ಲೇ, ಒಂದು ಬುಗುಡಿ ತಗೊಂಡು ಬಾ. ಅಕ್ಕಸಾಲಿಗನಿಗೆ ಮಾದರಿ ತೋರಿಸಿ ಕೊಡತೀನಿ. ಆಕಿಗೆ ಹೇಳಾಕ ಹೋಗಬ್ಯಾಡ." ಅಕ್ಕನ ಮಾತು ಮೀರದ ಹುಡುಗ. ಅಂಗಿಯ ಜೇಬಿಗೆ ಬುಗುಡಿ ಹಾಕಿಕೊಂಡು ಕುರುಗೋಡಿನಿಂದ ಹೊರಟವನು, ದಾರಿಯಲ್ಲಿ ತನ್ನ ಶೇಂಗಾ ಹೊಲಕ್ಕೆ ಇಳಿದ. ಕಿತ್ತು ಮುಗಿದ ಹೊಲದಲ್ಲಿ ಉಳಿದ ನಾಲ್ಕು ಕಾಯಿ ಆರಿಸಲು ಬಗ್ಗಿದ. ನನ್ನ ಮನೆಗೆ ಬಂದಾಗ ಅವನ ಜೇಬಿನಲ್ಲಿ ಶೇಂಗಾ ಇತ್ತು, ಬುಗುಡಿ ಇರಲಿಲ್ಲ.

ಗಂಗಮ್ಮ ದೀಪಾವಳಿ ಮುಗಿಸಿ ಬರುವುದರೊಳಗೆ ಅದು ಸಿಗಬೇಕು. ಇಲ್ಲದಿದ್ದರೆ ಹೊಸ ಸಂಸಾರದಲ್ಲಿ ಗಂಡ ಕಳ್ಳನಾಗುತ್ತಾನೆ, ನಾದಿನಿ ಏನಾಗುತ್ತಾಳೆಂದು ಬಾಯಿಬಿಟ್ಟು ಹೇಳಬೇಕಿಲ್ಲ. ಇಬ್ಬರೂ ಮಣ್ಣು ಕೆದರಿ ಕೆದರಿ ಉಗುರು ಸವೆಸಿಕೊಂಡೆವು. ಕೊನೆಗೆ ಬಸಣ್ಣ ಬಳ್ಳಾರಿಯಿಂದ ಸುದ್ದಿ ತಂದ. ಅಲ್ಲಿಯ ಗುಜರಿ ಅಂಗಡಿಯ ಸಾಹೇಬರ ಹತ್ತಿರ ಮಿಲಿಟರಿಯವರು ಬಳಸಿ ಬಿಟ್ಟ ಯಂತ್ರವಿದೆಯಂತೆ, ಮಣ್ಣೊಳಗೆ ಲೋಹವಿದ್ದರೆ ಕೂಗುತ್ತದಂತೆ. ಅದಕ್ಕಾಗಿ ಮುದ್ದಿನಿಂದ ಸಾಕಿದ ಟಗರನ್ನು ಮಾರಿಯೇ ಬಂದಿದ್ದ. "ಹಳೇ ಮಾಲು ಅಕ್ಕಾ, ನೀನು ಬಂದು ಪರೀಕ್ಷಾ ಮಾಡು" ಎಂದ. ಟಗರಿನ ಮೋರೆ ಕಣ್ಣ ಮುಂದೆ ಬಂತು. ಈ ಸಲ ಎಂದೂ ಮಾಡದಷ್ಟು ಪರೀಕ್ಷೆ ಮಾಡಬೇಕೆಂದು ಬಸ್ಸು ಹತ್ತಿದೆ.

ಯಂತ್ರವೆಂದರೆ ಉದ್ದನೆಯ ಕೋಲು, ತುದಿಗೆ ರೊಟ್ಟಿ ಹಂಚಿನಂಥ ಬಿಲ್ಲೆ, ಕಿವಿಗೆ ಹಾಕಿಕೊಳ್ಳಲು ಎರಡು ಕರಿ ಬಟ್ಟಲು. ನಾನು ಮೊದಲು ಹಂಚನ್ನು ಬೆರಳ ಗಂಟಿನಿಂದ ಬಡಿದೆ. ಮೂಸಿದೆ. ಸಾಹೇಬರು ಗಡ್ಡ ನೀವಿಕೊಂಡು, "ಅಮ್ಮಾ, ಅದು ಕುಂಬಳಕಾಯಿ ಅಲ್ಲ" ಎಂದರು. ಅಂಗಡಿ ತುಂಬ ಕಬ್ಬಿಣವೇ ಇದ್ದುದರಿಂದ ರಸ್ತೆಯಾಚೆಯ ಮರಳ ರಾಶಿಗೆ ಕರೆದೊಯ್ದರು. ಒಂದು ನಾಣ್ಯ ಹೂತು, ಮೇಲೆ ಹಂಚು ಆಡಿಸಿದರು. ಕುಂಯ್ ಎಂದಿತು.

"ನಾಣ್ಯಕ್ಕ ಯಾವುದಾದರೂ ಕೂಗತೈತ್ರಿ. ನಮಗ ಬೇಕಾಗಿದ್ದು ಬಂಗಾರ" ಎಂದೆ. ತಾಳಿ ಬಿಚ್ಚುವಂತಿಲ್ಲ, ಅದು ಬಿಟ್ಟರೆ ನಮ್ಮಲ್ಲಿದ್ದ ಬಂಗಾರವೆಂದರೆ ನನ್ನ ಮೂಗುತಿ. ಬಸಣ್ಣ ಬೇಡ ಬೇಡ ಎನ್ನುತ್ತಿದ್ದಂತೆ ಬಿಚ್ಚಿ, ಮರಳಲ್ಲಿ ಹೂತೆ. ನನಗೇ ಗೊತ್ತಿದ್ದರೆ ಅದೆಂಥ ಪರೀಕ್ಷೆ? ಕಣ್ಣು ಮುಚ್ಚಿ ಗಿರಗಿರ ತಿರುಗಿದೆ. ಆಮೇಲೆ ಬಟ್ಟಲುಗಳನ್ನು ಕಿವಿಗೇರಿಸಿ ಕೋಲು ಹಿಡಿದೆ.

ಏನು ಹೇಳಲಿ! ಕಾಲಿಟ್ಟಲ್ಲೆಲ್ಲ ಕುಂಯ್. ಮುಂದೆ ಹೋದರೂ ಕುಂಯ್, ಹಿಂದೆ ಬಂದರೂ ಕುಂಯ್. "ಬಸಣ್ಣಾ, ಈ ಉಸುಕಿನ ತುಂಬ ಬಂಗಾರ ಐತಲೇ!" ಎಂದು ಕೂಗಿದೆ. ಕಿವಿ ಮುಚ್ಚಿದ್ದರಿಂದ ಎಷ್ಟು ಜೋರಾಗಿ ಕೂಗಿದೆನೋ, ಎದುರಿನ ಚಹಾದಂಗಡಿ ಖಾಲಿಯಾಗಿ ಜನವೆಲ್ಲ ರಾಶಿಯ ಸುತ್ತ ನಿಂತರು. ಸಾಹೇಬರ ಬಾಯಿ ಆಡುತ್ತಿತ್ತು, ಬಸಣ್ಣ ತಲೆ ಹಿಡಿದುಕೊಂಡಿದ್ದ. ಬುಗುಡಿ ಹುಡುಕಲು ಬಂದು ಮೂಗುತಿಯೂ ಹೋಯಿತಲ್ಲ ಎಂದು ಆಗ ಹೊಳೆಯಿತು.

ಸಾಹೇಬರು ಒಂದು ಬಟ್ಟಲನ್ನು ಮೆಲ್ಲಗೆ ಎಳೆದು, "ಅಮ್ಮಾ, ಕೂಗಾಕ ಹತ್ತಿದ್ದು ಉಸುಕಲ್ಲ, ನಿಮ್ಮ ಕಾಲುಂಗುರ. ಹಂಚು ಕಾಲ ಹತ್ರಾನ ಆಡಸ್ತೀರಿ. ಅವನ್ನ ತೆಗದು ನೋಡ್ರಿ" ಎಂದರು.

"ಏನಂದ್ರೀ?" ಮುತ್ತೈದೆಗೆ ಹೇಳುವ ಮಾತೇ ಅದು! "ನಮ್ಮ ಮನಿಯವರು ಸಿರುಗುಪ್ಪದಾಗ ಗುಂಡುಕಲ್ಲಿನಂಗ ಅದಾರ! ಮುಂಜಾನೆ ಆರು ರೊಟ್ಟಿ ತಿಂದು ಕುಂತಾರ!"

"ತೋಬಾ ತೋಬಾ!" ಸಾಹೇಬರು ಎರಡೂ ಕೆನ್ನೆ ಬಡಿದುಕೊಂಡರು. "ಅವರು ನೂರು ವರ್ಷ ಇರಲಿ ತಾಯಿ. ನೀವು ಉಸುಕು ಬಿಟ್ಟು ಕೆಳಗ ಇಳೀರಿ, ಸಾಕು."

ಜನ ನಕ್ಕ ನಗೆಗೆ ಗಾಡಿಯ ಎತ್ತುಗಳು ಬೆದರಿದವು. ನಾನು ಇಳಿದೆ. ಬರಿಗಾಲಿನ ಬಸಣ್ಣ ಕೋಲು ಹಿಡಿದ. ಬಟ್ಟಲುಗಳಲ್ಲಿ ಒಂದನ್ನು ಅವನ ಕಿವಿಗೆ ಬಿಟ್ಟು ಇನ್ನೊಂದನ್ನು ನಾನು ಕಸಿದುಕೊಂಡೆ. ಕಾಲನ್ನು ಆದಷ್ಟೂ ದೂರ ಇಟ್ಟು, ಕತ್ತನ್ನಷ್ಟೇ ಕೊಕ್ಕರೆಯಂತೆ ಚಾಚಿ, ಅವನ ಕೆನ್ನೆಗೆ ಕೆನ್ನೆ ಹಚ್ಚಿ ನಡೆದೆ. ಎಷ್ಟೋ ಹೊತ್ತು ಯಂತ್ರ ಉಸಿರೆತ್ತಲಿಲ್ಲ. ಆಮೇಲೆ ನನ್ನದೇ ಹೆಜ್ಜೆ ಗುರುತಿನ ಮೇಲೆ ಸಣ್ಣಗೆ, ಎಳೆ ಕೂಸಿನಂತೆ, ಕುಂಯ್ ಎಂದಿತು. ಮೂಗುತಿಯನ್ನು ನಾನೇ ಹಿಮ್ಮಡಿಯಿಂದ ಒಳಕ್ಕೆ ತುಳಿದಿದ್ದೆ. ಇಬ್ಬರೂ ಮರಳ ಮೇಲೆ ಕುಣಿದದ್ದನ್ನು ಬಳ್ಳಾರಿ ಜನ ಪುಕ್ಕಟೆ ನೋಡಿದರು.

ಯಂತ್ರ ಕೊಂಡೆವು. ಮರುದಿನ ಶೇಂಗಾ ಹೊಲದಲ್ಲಿ ನನ್ನನ್ನು ಬದುವಿನ ಮೇಲೆ ಕೂರಿಸಿ ಬಸಣ್ಣ ಒಬ್ಬನೇ ಹುಡುಕಿದ. ಎತ್ತಿನ ಲಾಳ ಸಿಕ್ಕಿತು, ಮುರಿದ ಕುಡುಗೋಲು ಸಿಕ್ಕಿತು, ಹೊತ್ತು ಇಳಿಯುವಾಗ ಬುಗುಡಿ ಸಿಕ್ಕಿತು.

ಬಸಣ್ಣನ ಮನೆಗೆ ಬಂದು ತೊಳೆದೆ. ಸೊಟ್ಟಗಾಗಿದೆಯೋ ಹೇಗೆ, ನೋಡಬೇಕಲ್ಲ? ಕಿವಿಗೆ ಹಾಕದೆ ತಿಳಿಯುವುದು ಹೇಗೆ? ಹಾಕಿಕೊಂಡು ಕನ್ನಡಿಯ ಮುಂದೆ ಕತ್ತು ಓರೆ ಮಾಡಿ ನಿಂತಿದ್ದೆ. ಬಾಗಿಲಲ್ಲಿ ಟ್ರಂಕು ಇಳಿಸಿದ ಸದ್ದಾಯಿತು. ಗಂಗಮ್ಮ ಒಂದು ದಿನ ಮೊದಲೇ ಬಂದಿದ್ದಳು. ಅವಳ ಹಿಂದೆ ಬಸಣ್ಣ ಕಣ್ಣು ಮುಚ್ಚಿಕೊಂಡು ನಿಂತಿದ್ದ.

ತಮ್ಮನ ಆ ಮೋರೆ ನೋಡಲಾರದೆ ನಾನು ಎಲ್ಲವನ್ನೂ ಒದರಿಬಿಟ್ಟೆ. ಮಾದರಿ, ಜೇಬು, ಟಗರು, ಮೂಗುತಿ, ಕಾಲುಂಗುರ. "ಅವನದೇನೂ ತಪ್ಪಿಲ್ಲವ್ವಾ, ಆಸೆ ಎಲ್ಲಾ ನಂದು" ಎಂದೆ. ಗಂಗಮ್ಮ ಕಾಲುಂಗುರದ ಸುದ್ದಿಗೆ ನಕ್ಕಳು, ಗುಂಡುಕಲ್ಲಿನ ಸುದ್ದಿಗೆ ಗೋಡೆ ಹಿಡಿದು ನಕ್ಕಳು. ಆಮೇಲೆ ಒಳಗೆ ಹೋಗಿ ಜೊತೆಯ ಬುಗುಡಿಯನ್ನೂ ತಂದಳು.

"ಅಕ್ಕಾರ, ಒಂದಾ ಕಿವಿಗೆ ಚೆಂದ ಕಾಣಂಗಿಲ್ಲ. ಎರಡೂ ಹಾಕ್ಕೊಂಡು ಊರಿಗೆ ಹೋಗ್ರಿ. ಮಾದರಿ ತೋರಿಸಿ, ಆಮ್ಯಾಲ ಕಳಸ್ರಿ."

ಇಷ್ಟೆಲ್ಲ ಆದ ಮೇಲೆ ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ? ಬ್ಯಾಡವ್ವಾ, ಖಂಡಿತ ಬ್ಯಾಡ ಎಂದೆ. ಆದರೆ ಹಾಗೆಂದದ್ದು ಒಂದೇ ಸಲ. ಅದೂ ಇನ್ನೊಂದು ಕಿವಿಯನ್ನು ಅವಳ ಕಡೆಗೆ ತಿರುಗಿಸಿ.