ಮಾವಯ್ಯನ ಹೋಂ ಥಿಯೇಟರಿಗೆ ನನ್ನ ಕಿವಿ

ವಯಸ್ಸಾಗುತ್ತಾ ಹೋದಂತೆ ಮನುಷ್ಯನಿಗೆ ಒಂದಲ್ಲ ಒಂದು ವಿಷಯದಲ್ಲಿ ತಜ್ಞನೆಂಬ ಹೆಸರು ತಾನಾಗಿಯೇ ಅಂಟಿಕೊಳ್ಳುತ್ತದೆ. ಒಬ್ಬರಿಗೆ ಮಾವಿನಹಣ್ಣು ಆರಿಸುವುದರಲ್ಲಿ, ಇನ್ನೊಬ್ಬರಿಗೆ ರೈಲಿನ ವೇಳಾಪಟ್ಟಿಯಲ್ಲಿ, ಮತ್ತೊಬ್ಬರಿಗೆ ಬೇರೆಯವರ ಮಕ್ಕಳ ಓದಿನಲ್ಲಿ. ಅದಕ್ಕೆ ಆ ವಿಷಯ ತಿಳಿದಿರಲೇಬೇಕೆಂದೇನೂ ಇಲ್ಲ. ತಿಳಿಯದು ಎಂದು ಸಮಯಕ್ಕೆ ಸರಿಯಾಗಿ ಹೇಳದೆ ಉಳಿದರೆ ಸಾಕು. ಹೀಗೆ ಬಾಯಿ ಬಿಡದೆ ಉಳಿದು, ವಿಜಯವಾಡದಲ್ಲಿ ನನ್ನ ಹೆಂಡತಿಯ ಬಂಧುಬಳಗದ ನಡುವೆ ಹೋಂ ಥಿಯೇಟರ್ ತಜ್ಞನಾದವನು ನಾನು. ಶಬ್ದದ ವಿಷಯದಲ್ಲಿ ನನ್ನ ಯೋಗ್ಯತೆ ಏನೆಂದರೆ, ಪಕ್ಕದ ಅಂಗಡಿಯವರು ರೋಲಿಂಗ್ ಶಟರ್ ಎಳೆದರೆ ನಾನು ಆಗಲೇ ಬಚ್ಚಲುಮನೆಯ ಕಡೆಗೆ ಎರಡು ಹೆಜ್ಜೆ ಇಟ್ಟಿರುತ್ತೇನೆ. ಆಮೇಲೆ ಕೈ ತೊಳೆಯಲು ಹೊರಟವನಂತೆ ನಟಿಸಿ, ನಟನೆ ಪೂರ್ತಿಯಾಗಲೆಂದು ನಿಜವಾಗಿಯೂ ತೊಳೆದುಕೊಂಡು ಬರುತ್ತೇನೆ. ನಮ್ಮ ಬ್ಯಾಂಕಿನ ಶಾಖೆಯಲ್ಲಿ ನನ್ನಷ್ಟು ಶುಭ್ರವಾದ ಕೈ ಬೇರೆ ಯಾರದೂ ಇಲ್ಲ.

ಇದಕ್ಕೆಲ್ಲ ಕಾರಣ ವಿಶಾಖಪಟ್ಟಣ. ನಾನು ಚಿತ್ರದುರ್ಗದ ಕಡೆಯವನು. ಗಾಳಿ ಎಂದರೆ ನಮಗೆ ಗುಡ್ಡದ ಮೇಲೆ ಬಿಳಿ ರೆಕ್ಕೆ ತಿರುಗಿಸಿ ಕರೆಂಟು ಕೊಡುವ ಸಾಧುಪ್ರಾಣಿ. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಾಗ ಸಮುದ್ರ ಕಾಣುವ ಮನೆಯೇ ಬೇಕೆಂದು ಹಟ ಹಿಡಿದು ನಾಲ್ಕನೆಯ ಮಹಡಿಯಲ್ಲಿ ಫ್ಲಾಟು ಹಿಡಿದೆ. ಊರಿನಿಂದ ಬಂದವರನ್ನೆಲ್ಲ ಬಾಲ್ಕನಿಗೆ ಕರೆದೊಯ್ದು, ಸಮುದ್ರವನ್ನು ನಾನೇ ತೋಡಿಸಿದವನ ಹಾಗೆ ತೋರಿಸುತ್ತಿದ್ದೆ. ಎರಡು ಸಾವಿರದ ಹದಿನಾಲ್ಕರ ಅಕ್ಟೋಬರಿನಲ್ಲಿ ಒಂದು ಭಾನುವಾರ ಆ ಸಮುದ್ರ ತಾನೇ ಎದ್ದು ನಮ್ಮನ್ನು ನೋಡಲು ಬಂತು. ಚಂಡಮಾರುತದ ಸದ್ದು ಶಿಳ್ಳೆಯಂತಿರುತ್ತದೆ ಎಂದುಕೊಂಡಿದ್ದೆ. ಶಿಳ್ಳೆ ಮೊದಮೊದಲು ಮಾತ್ರ. ಆಮೇಲೆ ಬರುವುದು ಕಿವಿಗೆ ಕೇಳುವ ಸದ್ದಲ್ಲ. ನೆಲದಿಂದ ಹೊರಟು ಮೊಣಕಾಲು, ಹೊಟ್ಟೆ, ಎದೆ ಹೀಗೆ ಮೆಟ್ಟಿಲು ಹತ್ತುತ್ತಾ ಬರುವ ಒಂದು ಗುಡುಗುಡು. ಕಿಟಕಿಯ ಗಾಜು ಒಡೆದ ಮೇಲೆ ನಾನು, ನನ್ನ ಹೆಂಡತಿ ಪದ್ಮಜಾ, ಮಗಳು ಮೂವರೂ ಬಚ್ಚಲುಮನೆಯಲ್ಲಿ ಕುಳಿತೆವು. ಅಷ್ಟು ಹೊತ್ತೂ ನನ್ನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಮಗ್ ಇತ್ತಂತೆ. ಅದನ್ನು ಯಾಕೆ ಹಿಡಿದಿದ್ದೆನೋ, ಅದರಿಂದ ಯಾರನ್ನು ಕಾಪಾಡುವವನಿದ್ದೆನೋ ನನಗೆ ಈಗಲೂ ಹೊಳೆದಿಲ್ಲ.

ನಡುವೆ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಮುಗಿಯಿತೆಂದು ತಿಳಿದ ನಾನು, ಡಿಗ್ರಿ ಓದಿದವನು, ದಿನಕ್ಕೊಂದು ಇಂಗ್ಲಿಷ್ ಪೇಪರು ತಿರುವುವವನು, ಬಾಲ್ಕನಿಗೆ ಹೋಗಿ ಸಮುದ್ರ ಹೇಗಿದೆ ಎಂದು ನೋಡುತ್ತಾ ನಿಂತೆ. ಕೆಳಗಿನಿಂದ ವಾಚ್‌ಮನ್ ಎರಡೂ ಕೈ ಬೀಸಿ, "ಲೋಪಲಿಕಿ ವೆಳ್ಳಂಡಿ ಸಾರ್, ಒಳಗೆ ಹೋಗಿ! ಅದು ತಿರುಗಿ ಬರ್ತದೆ!" ಎಂದು ಅರಚಿದ. ಬ್ಯಾಂಕಿನ ಅಧಿಕಾರಿಗೆ ಹೀಗೆ ಕೈ ಬೀಸಿ ಹೇಳುವುದೇ ಎಂದು ಸ್ವಲ್ಪ ಬೇಸರಪಟ್ಟುಕೊಂಡೇ ಒಳಕ್ಕೆ ಬಂದೆ. ಮೂರು ಹೆಜ್ಜೆ ಬಂದಿದ್ದೆನೇನೋ, ಬಾಲ್ಕನಿಯ ಬಾಗಿಲು ಚೌಕಟ್ಟಿನ ಸಮೇತ ಕಿತ್ತುಬಂದು ನಾನು ನಿಂತಿದ್ದ ಜಾಗದಲ್ಲೇ ಬಿತ್ತು. ಆ ಮೂರು ಹೆಜ್ಜೆಗಳನ್ನು ಈಗಲೂ ದಿನಕ್ಕೆ ನಾಲ್ಕೈದು ಸಲ ಮನಸ್ಸಿನಲ್ಲೇ ನಡೆಯುತ್ತೇನೆ. ರಾತ್ರಿ ಕನಸಿನಲ್ಲಿ ಒಮ್ಮೊಮ್ಮೆ ಎರಡೇ ಹೆಜ್ಜೆಗೆ ಬಾಗಿಲು ಬಿದ್ದು ಎಚ್ಚರವಾಗಿಬಿಡುತ್ತದೆ. ವ್ಯಾಯಾಮವೇನೋ ಆಗುತ್ತದೆ, ಮೈ ಮಾತ್ರ ಇಳಿದಿಲ್ಲ.

ಒಂದೂವರೆ ವರ್ಷದ ಮೇಲೆ ವಿಜಯವಾಡಕ್ಕೆ ವರ್ಗವಾಯಿತು. ಅದು ಹೆಂಡತಿಯ ತವರು. ಸಮುದ್ರವಿಲ್ಲದ ಊರೆಂದು ನನಗೂ ಸಮಾಧಾನ. ಪದ್ಮಜಾಳ ಮನೆಯವರು ಮೂರು ತಲೆಮಾರಿನ ಹಿಂದೆ ಬಳ್ಳಾರಿಯಿಂದ ಹೋಗಿ, ತೆಲುಗರಿಗೆ ಹೆಣ್ಣು ಕೊಟ್ಟು ತೆಲುಗರಿಂದ ಹೆಣ್ಣು ತಂದು ಅಲ್ಲಿಯವರೇ ಆದವರು. ಮಾವನವರು ಒನ್ ಟೌನ್ ಎಂಬ ಹಳೇ ಪೇಟೆಯಲ್ಲಿ ನಲವತ್ತು ವರ್ಷ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ವ್ಯಾಪಾರ ಮಾಡಿ, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿದ್ದರು. ಸಿನಿಮಾ ಎಂದರೆ ಅವರಿಗೆ ಪ್ರಾಣ. ಮೇಲಿನ ಮಹಡಿಯ ಕೋಣೆಯನ್ನು ಖಾಲಿ ಮಾಡಿಸಿ, ಗೋಡೆಗೆ ಮೆತ್ತೆ ಹೊಡೆಸಿ, ಅಲ್ಲಿ ದೊಡ್ಡ ಮಟ್ಟದ ಹೋಂ ಥಿಯೇಟರ್ ಮಾಡಿಸಬೇಕೆಂಬುದು ಅವರ ಬಹುದಿನದ ಆಸೆ. ನಾವು ಅವರ ಮನೆಯಲ್ಲೇ ಸಾಮಾನು ಇಳಿಸಿದ ವಾರದೊಳಗೆ ಊಟದ ನಡುವೆ ಕೇಳಿದರು: "ಅಲ್ಲುಡುಗಾರೂ, ಥಿಯೇಟರ್ ಸಾಮಾನು ಯಾವುದು ತರೋಣ ಅಂತೀರಿ? ನೀವು ಹೆಂಗಂದ್ರ ಹಂಗ."

ಆ ಮನೆಯಲ್ಲಿ ಅಲ್ಲುಡು, ಅಂದರೆ ಅಳಿಯ, ಗೂಡಿನಲ್ಲಿಟ್ಟ ಮೂರ್ತಿಯ ಹಾಗೆ. ಎದ್ದರೆ ಏಳುತ್ತಾರೆ, ಕೂತರೆ ಫ್ಯಾನು ತಿರುಗಿಸುತ್ತಾರೆ, ಕೆಮ್ಮಿದರೆ ಮೆಣಸಿನ ಕಷಾಯ ಬರುತ್ತದೆ. ನಮ್ಮ ಕಡೆ ಅಳಿಯನಿಗೆ ಹಬ್ಬದ ದಿನ ಮಾತ್ರ ಮರ್ಯಾದೆ. ಮರುದಿನ ಅವನೂ ಬಾವಿಯಿಂದ ನೀರು ಸೇದಬೇಕು. ಇಷ್ಟು ದೊಡ್ಡ ಜವಾಬ್ದಾರಿ ಕೊಟ್ಟವರಿಗೆ ಆಗದು ಎನ್ನುವುದು ಹೇಗೆ? "ಆಗಲಿ ಮಾವಯ್ಯ, ನಾನೇ ನೋಡಿ ಆರಿಸ್ತೀನಿ" ಎಂದೆ. ಮಾವನವರ ತುತ್ತು ಒಂದು ಕ್ಷಣ ಬಾಯಿಯ ಬಳಿ ನಿಂತಂತೆ ಕಂಡಿತು. ಸಂತೋಷಕ್ಕೆ ಎಂದುಕೊಂಡೆ.

ಬೆಂಜ್ ಸರ್ಕಲ್ ಹತ್ತಿರದ ದೊಡ್ಡ ಷೋರೂಮಿಗೆ ಹೋದೆ. ಅಲ್ಲಿ ಚೈತನ್ಯ ಎಂಬ ಸೇಲ್ಸ್‌ಮನ್ ಇದ್ದ. ಅವನ ತೆಲುಗನ್ನು ಕನ್ನಡದಲ್ಲೇ ಬರೆಯುತ್ತೇನೆ, ಇಂಗ್ಲಿಷನ್ನು ಹಾಗೇ ಬಿಡುತ್ತೇನೆ. ಅದಿಲ್ಲದೆ ಅವನ ಮಾತಿನಲ್ಲಿ ಉಳಿಯುವುದು 'ಸಾರ್' ಒಂದೇ. ರಿಸೀವರ್, ಪ್ರೊಜೆಕ್ಟರ್, ಏಳು ಸ್ಪೀಕರ್ ಎಂದು ಪರಿಚಯ ಮಾಡಿಸಿ, ಮೂಲೆಯಲ್ಲಿದ್ದ ಗೋದ್ರೆಜ್ ಬೀರುವಿನಷ್ಟು ಗಂಭೀರವಾದ ಕಪ್ಪು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದು ಸಬ್‌ವೂಫರ್ ಸಾರ್. ಬಾಸ್, ಅಂದರೆ ಭಾರಿ ಸದ್ದೆಲ್ಲ, ಇದರ ಜವಾಬ್ದಾರಿ. ಹದಿನೈದು ಇಂಚು" ಎಂದ. ಕಿಟಕಿಯಿಲ್ಲದ ಡೆಮೊ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ದೀಪ ಆರಿಸಿ ಒಂದು ಸಿನಿಮಾದ ತುಣುಕು ಹಾಕಿದ. ಜಗತ್ತಿನಲ್ಲಿ ಎಷ್ಟೊಂದು ಬಗೆಯ ಸದ್ದುಗಳಿವೆ, ಮದುವೆಯ ವಾಲಗವಿದೆ, ಮಕ್ಕಳ ನಗುವಿದೆ. ಅವನು ಹಾಕಿದ್ದು ಬಿರುಗಾಳಿಗೆ ಸಿಕ್ಕ ಹಡಗು.

ನೆಲದಿಂದ ಆ ಗುಡುಗುಡು ಎದ್ದು ಮೊಣಕಾಲಿಗೆ ಬಂದದ್ದು ನೆನಪಿದೆ. ಮುಂದಿನ ನೆನಪು ನಾನು ಷೋರೂಮಿನ ಆ ತುದಿಯಲ್ಲಿ ಮಿಕ್ಸಿಗಳ ಮುಂದೆ ನಿಂತು ಒಂದರ ಮುಚ್ಚಳ ತೆಗೆದು ಹಾಕುತ್ತಿರುವುದು. ಚೈತನ್ಯ ಓಡಿ ಬಂದ. "ಏನಾಯ್ತು ಸಾರ್?"

"ಬಾಸ್ ಸ್ವಲ್ಪ... ಸರಿಯಿಲ್ಲ" ಎಂದೆ. ಬಾಯಿಗೆ ಬಂದದ್ದು ಅದೊಂದೇ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹನ್ನೊಂದು ಸೆಕೆಂಡಿಗೆ ಹಿಡಿದುಬಿಟ್ಟಿರಿ ಸಾರ್! ಈ ರೂಮಿನಲ್ಲಿ ಬಾಸ್ ಸ್ವಲ್ಪ ಊದಿಕೊಳ್ಳುತ್ತೆ ಅಂತ ಕಂಪನಿ ಎಂಜಿನಿಯರ್ ಒಬ್ಬರೇ ಹೇಳಿದ್ದು. ನೀವು ಮ್ಯೂಸಿಕ್ ಲೈನಾ?"

ಅಲ್ಲಿಂದ ನನ್ನ ಪತನ, ಅಥವಾ ಏಳಿಗೆ, ಶುರುವಾಯಿತು. ಈ ವ್ಯಾಪಾರದಲ್ಲಿ ಒಂದು ವಿಚಿತ್ರವಿದೆ: ಗಿರಾಕಿ ಹೆದರಿ ಬೇಡವೆಂದರೆ ಅದಕ್ಕೆ ರುಚಿಶುದ್ಧಿ ಎಂದು ಹೆಸರು. ಸದ್ದು ಭಾರವೆಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ತರುತ್ತಾರೆ. ಅದೂ ಭಾರವೆಂದರೆ ಇನ್ನೂ ಮೇಲಿನದು. ನಾನು ಮೂರು ಶನಿವಾರ ಮೂರು ಷೋರೂಮುಗಳಲ್ಲಿ ಹೆದರಿಕೊಂಡೇ ಮೇಲೇರಿದೆ. ಕೊನೆಗೆ ಗವರ್ನರ್‌ಪೇಟೆಯ ಒಂದು ಅಂಗಡಿಯಲ್ಲಿ ವಿದೇಶದಿಂದ ತರಿಸಿದ ತೆಳ್ಳನೆಯ ಏಳು ಸ್ಪೀಕರುಗಳು ಸಿಕ್ಕವು. ಅವುಗಳಲ್ಲಿ ವೀಣೆಯ ತಂತಿ ಮೀಟಿದರೆ ಉಗುರು ತಾಗಿದ್ದೂ ಕೇಳುತ್ತಿತ್ತು. ಗುಡುಗು ಮಾತ್ರ ಯಾರೋ ದೂರದಲ್ಲಿ ಹಪ್ಪಳ ಮುರಿದಂತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಅಂಗಡಿಯಾತ ಅದನ್ನು ವೀಣೆಗೆ ಬಂದದ್ದೆಂದು ತಿಳಿದು ತಾನೂ ಕನ್ನಡಕ ಒರೆಸಿಕೊಂಡ. ಕೊಳ್ಳುವ ಮುನ್ನ ಮನೆಯಲ್ಲೇ ಒಮ್ಮೆ ಕೇಳಿಸುತ್ತೇನೆಂದು ಒಪ್ಪಿಕೊಂಡ.

ಭಾನುವಾರ ಬೆಳಿಗ್ಗೆ ಸಾಮಾನು ಬಂತು, ಜೋಡಿಸಿದರು. ಮಾವನವರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮದುವೆಮನೆಗೆ ಹೊರಟವರಂತೆ ನಡುವಿನ ಕುರ್ಚಿಯಲ್ಲಿ ಕುಳಿತರು. ಅರ್ಧ ಗಂಟೆ ಸಿನಿಮಾ ನಡೆಯಿತು. ಅವರು ತಲೆದೂಗುತ್ತಲೇ ಇದ್ದರು. ಪರದೆಯ ಮೇಲೆ ನಾಯಕಿ ಅಳುವಾಗಲೂ ಅದೇ ತಾಳಕ್ಕೆ ದೂಗುತ್ತಿದ್ದರು. ಮುಗಿದ ಮೇಲೆ, "ಚಾಲಾ ಬಾಗುಂದಿ, ಭಾಳ ಚೆಂದ ಐತಿ. ಅಲ್ಲುಡುಗಾರು ಆರಿಸಿದ ಮೇಲೆ ಕೇಳಬೇಕಾ?" ಎಂದು ಎದ್ದು ಬಾಲ್ಕನಿಗೆ ಹೋಗಿ ಗೋಡೆಯ ಕಡೆ ನೋಡುತ್ತಾ ನಿಂತರು.

ಅಡುಗೆಮನೆಯಲ್ಲಿ ಪದ್ಮಜಾ ನನ್ನ ತೋಳು ಹಿಡಿದೆಳೆದಳು. "ನಮ್ಮ ನಾನ್ನಗೆ ಒಂದಕ್ಷರ ಕೇಳಿಸಿಲ್ಲ ರೀ!"

"ನಿಮ್ಮಪ್ಪ ಅಷ್ಟು ಹೊತ್ತು ತಲೆ ಆಡಿಸಿದ್ರಲ್ಲೇ?"

"ನೀವು ಆರಿಸಿದ್ದು ಅಂತ ಆಡಿಸಿದ್ದು. ನಲವತ್ತು ವರ್ಷ ಸ್ಟೀಲ್ ಕೊಳಗದ ಮೇಲೆ ಕೊಳಗ ಎತ್ತಿಹಾಕೋ ಸದ್ದಲ್ಲಿ ಕೂತಿದ್ದ ಕಿವಿ ಅದು. ಸಣ್ಣ ಸದ್ದು ಯಾವುದೂ ಉಳಿದಿಲ್ಲ. ದಪ್ಪ ಸದ್ದು ಎದೆಗೆ ಬಡಿದ್ರೆ ಮಾತ್ರ ಗೊತ್ತಾಗೋದು. ಅದಕ್ಕೇ ಅಲ್ವಾ ಥಿಯೇಟರ್ ಬೇಕು ಅಂತ ಕೂತಿರೋದು? ಇನ್ನೆರಡು ವರ್ಷ ಕಳೆದ್ರೆ ಅದೂ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು."

"ಮೊದಲೇ ಹೇಳೋಕೇನಾಗಿತ್ತು ನಿನಗೆ?"

"ನಿಮ್ಮ ಹೆದರಿಕೆ ಅವರಿಗೆ ಹೇಳಬೇಡ ಅಂದ್ರಿ ನೀವು. ಅವರ ಕಿವಿ ವಿಷಯ ನಿಮಗೆ ಹೇಳಬೇಡ ಅಂದ್ರು ಅವರು. ಇಬ್ಬರೂ ದೊಡ್ಡ ಮನುಷ್ಯರು, ಇಬ್ಬರ ಮಾತೂ ನಡೆಸಿದೆ" ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು. ಅದು ಸಿಡಿದ ಸದ್ದಿಗೆ ನಾನು ಬೆಚ್ಚಿದೆ. ಅವಳು ನೋಡಿ ನೋಡದವಳಂತೆ ಉರಿ ಸಣ್ಣ ಮಾಡಿದಳು.

ನಾನು ಬಾಲ್ಕನಿಗೆ ಹೋದೆ. ನನ್ನ ನಾಚಿಕೆಯ ವಿಷಯವನ್ನು ಕಿವಿಯಲ್ಲಿ ಉಸುರಿಬಿಡಬಹುದಿತ್ತು; ಆದರೆ ಕೇಳಬೇಕಾದ ಕಿವಿ ಉಸುರಿದ್ದನ್ನು ಕೇಳುವಂಥದಲ್ಲ. ಹೆದರಿಕೆಯನ್ನು ಕೂಗಿ ಒಪ್ಪಿಕೊಳ್ಳಬೇಕಾದ ಸಂಕಟ ಶತ್ರುವಿಗೂ ಬೇಡ. "ಮಾವಯ್ಯ, ನನಗೆ ಆ ದಪ್ಪ ಸದ್ದು ಕಂಡ್ರೆ ಭಯ!" ಎಂದು ಗಟ್ಟಿಯಾಗಿ ಹೇಳಿದೆ. ಎದುರು ಮಹಡಿಯಲ್ಲಿ ಸಂಡಿಗೆ ಒಣಗಿಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ತಿರುಗಿದಳು. ಶುರು ಮಾಡಿದ ಮೇಲೆ ಇನ್ನೇನೆಂದು ಬಾಲ್ಕನಿ, ವಾಚ್‌ಮನ್, ಬಾಗಿಲು, ಮೂರು ಹೆಜ್ಜೆ, ಬಚ್ಚಲುಮನೆ ಎಲ್ಲವನ್ನೂ ಕೂಗಿದೆ. ಪ್ಲಾಸ್ಟಿಕ್ ಮಗ್‌ನ ವಿಷಯ ಮಾತ್ರ ಬಿಟ್ಟೆ. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ ಪಾಪಂ" ಎಂದಳು.

ಮಾವನವರು ಬಾಲ್ಕನಿಯ ಕಟಕಟೆಯ ಬಳಿ ನಿಂತು, ಒಳಗಿನ ಕಡೆಗೆ ನಿಧಾನವಾಗಿ ಒಂದು, ಎರಡು, ಮೂರು ಹೆಜ್ಜೆ ಇಟ್ಟರು. ತಿರುಗಿ ತಾವು ಬಿಟ್ಟುಬಂದ ಜಾಗ ನೋಡಿದರು. "ಇಷ್ಟೇನಾ?" ಎಂದರು.

"ಇಷ್ಟೇ!" ಎಂದು ಕೂಗಿದೆ.

ಅವರು ನನ್ನ ಭುಜ ಹಿಡಿದು ಅಲ್ಲಿದ್ದ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕುಳಿತರು. "ಇಷ್ಟು ಭಯ ಇಟ್ಕೊಂಡು ಮೂರು ವಾರ ಆ ಷಾಪಿಗೆಲ್ಲ ಯಾಕ ಹೋದ್ರಿ ಬಾಬೂ?"

"ನೀವೇ ಕೇಳಿದ್ರಲ್ಲ ಮಾವಯ್ಯ, ಯಾವುದು ತರೋಣ ಅಂತ."

"ಅದು ಮರ್ಯಾದೆಗೆ ಕೇಳಿದ್ದು ರೀ! ಮನಿ ಅಳಿಯನ್ನ ಕೇಳದ ಹೆಂಗ ಕೊಳ್ಳೋದು? ಕೇಳಬೇಕು. ಕೇಳಿದಾಗ ನೀವು 'ನಿಮ್ಮಿಷ್ಟ ಮಾವಯ್ಯ' ಅನಬೇಕು. ಅಲ್ಲಿಗೆ ಮುಗೀತು. ನಮ್ಮ ಕಡೆ ಎಲ್ಲಾ ಅಳಿಯಂದ್ರೂ ಅಷ್ಟೇ ಅಂತಾರ. ನೀವು 'ನಾನೇ ಆರಿಸ್ತೀನಿ' ಅಂದ್ರಿ. ನನ್ನ ತುತ್ತು ಬಾಯಿ ಹತ್ರಾನ ನಿಂತೋಯ್ತು. ಅದ್ಯಾವುದೋ ಕರೇ ಪೆಟ್ಟಿಗಿ, ಬೆಂಜ್ ಸರ್ಕಲ್‌ನಾಗ, ಹದಿನೈದು ಇಂಚಿಂದು, ನೀವು ಈ ಊರಿಗೆ ಬರೋಕಿಂತ ಮೊದಲೇ ನೋಡಿ ಇಟ್ಟಿದ್ದೆ. ಅದರ ಮುಂದ ಕುಂತ್ರ ಹಳೇ ಕಿವಿ ವಾಪಸ್ ಬಂದಂಗ ಆಗ್ತೈತಿ."

ನನ್ನ ವಿದ್ಯೆ, ನನ್ನ ಮೂರು ಶನಿವಾರ, ಚೈತನ್ಯನ ಕಣ್ಣಿನಲ್ಲಿ ಕಂಡ ಗೌರವ ಎಲ್ಲವನ್ನೂ ನುಂಗಿಕೊಂಡು, "ನಿಮ್ಮಿಷ್ಟ ಮಾವಯ್ಯ" ಎಂದೆ. ಅವರು ಕೂಡಲೇ ಎದ್ದು ಷೋರೂಮಿಗೆ ಫೋನು ಮಾಡಿ, ಆ ಕಡೆಯ ಮಾತಿಗೆ ಕಾಯದೆ ಪೆಟ್ಟಿಗೆ ಕಳಿಸಲು ಕೂಗಿ ಹೇಳಿದರು. ನಾಲ್ಕು ನಿಮಿಷ ಹಿಡಿಯಲಿಲ್ಲ.

ಕಪ್ಪು ಪೆಟ್ಟಿಗೆ ಬಂದು ಈಗ ವರ್ಷದ ಮೇಲಾಯಿತು. ಮಾವನವರು ಅದರ ಎದುರಿಗೇ ಕುರ್ಚಿ ಹಾಕಿಕೊಂಡು, ಮೊಣಕಾಲು ತಾಗಿಸಿ ಕೂರುತ್ತಾರೆ. ಅವರು ಜೋರಾಗಿ ನಗುವುದು ಕೆಳಗಿನವರೆಗೂ ಕೇಳುತ್ತದೆ. ನನಗೆ ಮೇಲೆ ಹೋಗಬೇಕಾದ ಕಟ್ಟಳೆ ಇಲ್ಲ. ಸಿನಿಮಾದಲ್ಲಿ ಮಳೆಗಾಳಿ ಇದ್ದರೆ ಅವರು ಮೊದಲೇ ಮೆಟ್ಟಿಲ ಮೇಲಿನಿಂದ ಬಗ್ಗಿ, "ಅಲ್ಲುಡುಗಾರೂ, ಗಾಳಿ ಬರ್ತದ, ರೆಡಿ ಆಗ್ರಿ!" ಎಂದು ಕೂಗಿ ಎಚ್ಚರಿಸುತ್ತಾರೆ. ಎದುರು ಮಹಡಿಯ ಹೆಂಗಸೂ ಒಮ್ಮೆ ಕಿಟಕಿಯಿಂದ ಇಣುಕಿ ನಾನು ಸರಿಯಾಗಿದ್ದೇನೆಯೇ ಎಂದು ನೋಡಿ ಹೋಗುತ್ತಾಳೆ. ನಾನು ಅಡುಗೆಮನೆಯಲ್ಲಿ ಅತ್ತೆಯವರ ಎದುರು ಕುಳಿತಿರುತ್ತೇನೆ. ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿಗಳು ಗಡಗಡ ಎಂದಾಗ ಅವರು ಒಂದು ಕೈಯಿಂದ ಅವನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕಾಫಿಯ ಲೋಟ ಎತ್ತಿ, "ಇನ್ನೊಂಚೂರು ಹಾಕಲಾ ಬಾಬೂ?" ಎನ್ನುತ್ತಾರೆ. ಪಾಠ ಕಲಿತವನಾದ ನಾನು, "ನಿಮ್ಮಿಷ್ಟ ಅತ್ತಯ್ಯ" ಎನ್ನುತ್ತೇನೆ. ಅತ್ತೆಯವರ ಇಷ್ಟ ಯಾವಾಗಲೂ ಲೋಟದ ಅಂಚಿನವರೆಗೆ ಇರುತ್ತದೆ. ಒಂದು ಸಿನಿಮಾಕ್ಕೆ ನಾಲ್ಕು ಲೋಟವಾದರೂ ಆಗುತ್ತದೆ. ಹಾಗಾಗಿ ಬ್ಯಾಂಕಿನಲ್ಲಿ ಯಾರಾದರೂ, "ಏನ್ಸಾರ್, ಕಣ್ಣೆಲ್ಲ ಕೆಂಪಗಿದೆ, ನಿದ್ದೆ ಇಲ್ವಾ?" ಎಂದು ಕೇಳಿದರೆ ನನಗೀಗ ಹೇಳಿಕೊಳ್ಳಲು ಮರ್ಯಾದೆಯ ಕಾರಣವೊಂದು ಸಿಕ್ಕಿದೆ. "ಕಾಫಿ ಜಾಸ್ತಿಯಾಯ್ತು ಕಣ್ರೀ" ಎನ್ನುತ್ತೇನೆ. ಎಲ್ಲರೂ ನಂಬುತ್ತಾರೆ. ಕೆಲವು ದಿನ, ಬೆಳಗಿನ ಹೊತ್ತು, ನಾನೂ ನಂಬುತ್ತೇನೆ.